ನಮ್ಮ ವಾರ, ಅವರ ವಾರ

ನಮ್ಮ ಮನೆಯ ರೊಟ್ಟಿಗೆ ಒಂದು ಗೊತ್ತಾದ ಬಣ್ಣ ಇರಲಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಜೋಳದ ರೊಟ್ಟಿ ಎಂದರೆ ಬೆಳ್ಳಗೆ, ಮೇಲೆ ಅಲ್ಲಲ್ಲಿ ಸುಟ್ಟ ಕಲೆ. ನಮ್ಮದು ಒಂದು ದಿನ ಕಡಲೆಹಿಟ್ಟಿನ ಹಳದಿ, ಇನ್ನೊಂದು ದಿನ ರಾಗಿಯ ಕಪ್ಪು, ಕೆಲವು ಸಲ ಮೆಂತ್ಯದ ಕಹಿ. ಮನೆಯ ಮುಂಭಾಗದಲ್ಲಿ ಹಿಟ್ಟಿನ ಗಿರಣಿ ಇತ್ತು. ಯಾರು ಏನು ಬೀಸಿಸಿಕೊಂಡು ಹೋದರೂ ಗಿರಣಿಯ ಹೊಟ್ಟೆಯಲ್ಲಿ ಒಂದು ಹಿಡಿ ಉಳಿಯುತ್ತಿತ್ತು. ಸಂಜೆ ಮೋಟರ್ ನಿಂತ ಮೇಲೆ ಅವ್ವ ಕಲ್ಲಿನ ಸುತ್ತ, ಹಿಟ್ಟು ಬೀಳುವ ಬಟ್ಟೆಯ ಸೊಂಡಿಲಿನ ಒಳಗೆ ಕೈಯಾಡಿಸಿ ಅದನ್ನು ಬುಟ್ಟಿಗೆ ಬಳಿದುಕೊಳ್ಳುತ್ತಿದ್ದಳು. ಇಡೀ ಊರಿನ ಕಾಳು ಕೂಡಿದ ಹಿಟ್ಟು ಅದು. ಶಾಲೆಯಲ್ಲಿ ಬುತ್ತಿ ಬಿಚ್ಚಿದರೆ ಹುಡುಗಿಯರು ಬಗ್ಗಿ ನೋಡಿ, ಇವತ್ತು ಯಾರ ಮನೆಯ ಕಾಳು ಉಣ್ಣುತ್ತಿದ್ದೀ ಎಂದು ಕೇಳುತ್ತಿದ್ದರು. ನಾನು ಬುತ್ತಿಯ ಅರಿವೆಯನ್ನು ಮಡಿಲಲ್ಲಿ ಅರ್ಧ ಮುಚ್ಚಿಕೊಂಡು ಉಣ್ಣುವುದನ್ನು ಕಲಿತೆ. ಈಗಲೂ ನಾಲ್ಕು ಜನರ ನಡುವೆ ಊಟಕ್ಕೆ ಕುಳಿತರೆ ಎಡಗೈ ತಾನಾಗಿ ತಟ್ಟೆಯ ಅಂಚಿಗೆ ಹೋಗುತ್ತದೆ.

ಇಷ್ಟು ಬರೆದು ನಿಲ್ಲಿಸಿದೆ, ಯಾಕೆಂದರೆ ಒಂದು ಅನುಮಾನ ಇದೆ. ನಾನು ಪದವಿ ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ವೆಚ್ಚದ ಲೆಕ್ಕಶಾಸ್ತ್ರ ಕಲಿಸಿದವಳು. ಸ್ಥಿರ ವೆಚ್ಚ ಎಂದರೇನು, ಬದಲಾಗುವ ವೆಚ್ಚ ಎಂದರೇನು, ಲಾಭವೂ ಇಲ್ಲದ ನಷ್ಟವೂ ಇಲ್ಲದ ಆ ಬ್ರೇಕ್ ಈವನ್ ಬಿಂದು ಎಲ್ಲಿ ಬರುತ್ತದೆ ಎಂದು ಹೇಳಬೇಕಾದಾಗಲೆಲ್ಲ ನಮ್ಮ ಗಿರಣಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತಿದ್ದೆ. ಲೆಕ್ಕ ಸರಾಗವಾಗಿ ಬಿಡಿಸಲು ಬರಲಿ ಎಂದು ಅಂಕಿಗಳನ್ನು ತಿದ್ದುತ್ತಿದ್ದೆ. ತಿದ್ದಿ ತಿದ್ದಿ, ಯಾವುದು ಅರಸೀಕೆರೆಯಲ್ಲಿ ನಿಜವಾಗಿ ನಡೆದದ್ದು, ಯಾವುದು ಕಪ್ಪುಹಲಗೆಯ ಮೇಲೆ ನಡೆದದ್ದು ಎಂದು ಈಗ ಬಿಡಿಸಿ ಹೇಳಲಾರೆ. ಅರಸೀಕೆರೆ ಎಂದರೆ ನಮ್ಮದು, ಹರಪನಹಳ್ಳಿ ತಾಲೂಕಿನದು. ರೈಲು ನಿಲ್ಲುವ ಇನ್ನೊಂದಲ್ಲ. ನಾನು ಮೂವತ್ತು ವರ್ಷದಿಂದ ದಿನಚರಿ ಬರೆಯುತ್ತಿದ್ದೇನೆ, ಆದರೆ ಅದು ಶುರುವಾದದ್ದು ಈ ಎಲ್ಲ ಮುಗಿದ ಮೇಲೆ. ಆದ್ದರಿಂದ ಇಲ್ಲಿನ ಪೈಸೆಗಳನ್ನು ಓದುಗರು ಪೂರ್ತಿ ನಂಬಬೇಕಾಗಿಲ್ಲ. ಅವ್ವ ತನ್ನ ತಂಗಿಯನ್ನು ಕಳೆದುಕೊಂಡಳು ಎಂಬುದನ್ನು ಮಾತ್ರ ನಂಬಬಹುದು. ಅದನ್ನು ನಾನು ಹಲಗೆಯ ಮೇಲೆ ಎಂದೂ ಬರೆದಿಲ್ಲ.

ಅವ್ವ ಮತ್ತು ಚಿಗವ್ವ ಒಡಹುಟ್ಟಿದವರು. ಚಿಗಟೇರಿಯ ಕಡೆಯ ಒಂದು ಹಳ್ಳಿಯವರು. ಅವರ ತಾಯಿ ತೀರಿಕೊಂಡಾಗ ಚಿಗವ್ವ ಇನ್ನೂ ತೊಟ್ಟಿಲಲ್ಲಿದ್ದಳಂತೆ. ಅವ್ವ ಅವಳನ್ನು ಸೊಂಟದ ಮೇಲೆ ಹೊತ್ತೇ ಬೆಳೆಸಿದವಳು. ಅವ್ವನನ್ನು ಅಪ್ಪನಿಗೆ ಕೊಟ್ಟ ಕೆಲವು ವರ್ಷಕ್ಕೆ ಅಪ್ಪನ ತಮ್ಮನಿಗೆ ಹೆಣ್ಣು ಹುಡುಕುವ ಮಾತು ಬಂದಾಗ ಅವ್ವನೇ ಹಟ ಹಿಡಿದು ತಂಗಿಯನ್ನು ಈ ಮನೆಗೆ ತಂದಳು. ಹಾಗಾಗಿ ನನಗೆ ಚಿಗವ್ವ ಎರಡು ಕಡೆಯಿಂದಲೂ ಚಿಗವ್ವ. ಅಷ್ಟರಲ್ಲಿ ಅವರ ತಂದೆಯೂ ಹೋಗಿದ್ದರು. ತವರು ಎನ್ನುವುದು ಚಿಗವ್ವನಿಗೆ ಉಳಿದದ್ದು ಅಕ್ಕನ ರೂಪದಲ್ಲಿ ಮಾತ್ರ. ಅಕ್ಕನ ಒಲೆಯ ಮುಂದೆ ಕುಳಿತು ಅವಳು ತಲೆ ಬಾಚಿಸಿಕೊಳ್ಳುತ್ತಿದ್ದಳು, ಮದುವೆಯಾಗಿ ಅಷ್ಟು ವರ್ಷವಾದ ಮೇಲೂ. ಬಾಚಣಿಗೆ ಸಿಕ್ಕು ಹಿಡಿದರೆ ಅವ್ವ, ಅಲುಗಾಡಬೇಡ ನೀಲಿ ಎಂದು ಗದರಿ ಅವಳ ತಲೆಯ ಮೇಲೆ ಒಂದು ಮೊಟಕುತ್ತಿದ್ದಳು.

ತಾತ ಸತ್ತ ವರ್ಷದೊಳಗೆ ಅಣ್ಣತಮ್ಮಂದಿರು ಬೇರೆಯಾದರು. ಯಾಕೆ ಎಂದು ನನಗೆ ಯಾರೂ ಸರಿಯಾಗಿ ಹೇಳಲಿಲ್ಲ. ಎಮ್ಮೆಯ ವಿಷಯಕ್ಕೆ ಎಂದು ಒಮ್ಮೆ ಕೇಳಿದೆ, ಚಿಗಪ್ಪ ಯಾರಿಗೂ ಹೇಳದೆ ಮೋಟರ್ ರಿಪೇರಿ ಮಾಡಿಸಿದ ಎಂದು ಇನ್ನೊಮ್ಮೆ. ಹೊಲ ಹಂಚಿಕೊಂಡರು, ಪಾತ್ರೆ ಹಂಚಿಕೊಂಡರು. ಪಡಸಾಲೆಯ ಎಡಗಡೆ ನಮ್ಮ ಒಲೆ, ಬಲಗಡೆ ಅವರ ಒಲೆ, ಹಿತ್ತಲು ಇಬ್ಬರಿಗೂ. ಗಿರಣಿಯನ್ನು ಹಂಚುವುದು ಹೇಗೆ? ಮೇಲಿನ ಕಲ್ಲು ನಿನಗೆ, ಕೆಳಗಿನ ಕಲ್ಲು ನನಗೆ ಎನ್ನಲು ಬರುವುದಿಲ್ಲ. ಪಂಚಾಯ್ತಿಗೆ ಕುಳಿತ ಹಿರಿಯರು ನೀರಿನ ಪಾಳಿಯ ಹಾಗೆ ಗಿರಣಿಗೂ ಪಾಳಿ ಮಾಡಿದರು. ಒಂದು ವಾರ ನಮ್ಮದು, ಒಂದು ವಾರ ಅವರದು. ಸೋಮವಾರ ಎತ್ತಿಗೂ ನೊಗ ಇಲ್ಲ, ಗಿರಣಿಗೂ ಬೆಲ್ಟಿಲ್ಲ. ಅವತ್ತು ಗುಡಿಸಿ, ಒರೆಸಿ, ವಿಭೂತಿ ಹಚ್ಚಿ, ಕಾಯಿ ಒಡೆದು, ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಡುವುದು. ಬೀಸಲಿ ಬಿಡಲಿ ಕಟ್ಟಬೇಕಾದ ಕರೆಂಟಿನ ಮಿನಿಮಮ್ಮು ಅರ್ಧ ಅರ್ಧ. ಮೇಲೆ ಉರಿದ ಕರೆಂಟು ಅವರವರ ವಾರದ್ದು. ಮಿಕ್ಕ ರಿಪೇರಿ ಯಾರ ವಾರದಲ್ಲಿ ಬರುತ್ತದೋ ಅವರದು. ಕೇಳಲು ಎಷ್ಟು ನ್ಯಾಯವಾಗಿದೆ! ಆ ಹಿರಿಯರನ್ನು ನಾನು ಬೈಯಲಾರೆ. ಕಾಲೇಜಿನಲ್ಲಿ ಆ ಹಂಚಿಕೆಯನ್ನು ಯಾರಾದರೂ ಉತ್ತರಪತ್ರಿಕೆಯಲ್ಲಿ ಬರೆದಿದ್ದರೆ ನಾನೂ ಅಂಕ ಕೊಡುತ್ತಿದ್ದೆ.

ಮೊದಲ ವರ್ಷ ಸರಿಯಾಗಿಯೇ ನಡೆಯಿತು. ಸೇರಿಗೆ ನಾಲ್ಕಾಣೆ ಬೀಸುವ ಕೂಲಿ, ಯಾರ ವಾರವಾದರೂ ಅಷ್ಟೇ. ಆಮೇಲೆ ಒಂದು ಮಳೆಗಾಲ, ಜನರ ಮನೆಯಲ್ಲಿ ಕಾಳು ಕಡಿಮೆಯಾಗಿ, ನಮ್ಮ ವಾರದಲ್ಲಿ ಗಿರಣಿ ಮಧ್ಯಾಹ್ನಕ್ಕೇ ನಿಲ್ಲತೊಡಗಿತು. ಅಪ್ಪ ಮುಂಬಾಗಿಲಲ್ಲಿ ಕುಳಿತು ಬೀಡಿ ಸೇದುತ್ತಿದ್ದ. ಅವನು ಮೈಗಳ್ಳನಲ್ಲ, ಆದರೆ ಯಾವುದನ್ನಾದರೂ ಹಿಡಿದು ಯೋಚಿಸುವವನೂ ಅಲ್ಲ. ಯೋಚಿಸುವವಳು ಅವ್ವ. ಅವಳು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಒಂದು ದಿನ ಅಪ್ಪನಿಗೆ ಅಂಬಲಿ ಬಡಿಸುತ್ತಾ ಅವಳು ಆಡಿದ ಮಾತುಗಳು ನನಗೆ ಅಕ್ಷರ ಅಕ್ಷರವಾಗಿ ನೆನಪಿವೆ. ಅಷ್ಟು ಸ್ಪಷ್ಟವಾಗಿ ನೆನಪಿರುವುದೇ ಅನುಮಾನಕ್ಕೆ ಕಾರಣ ಎಂಬುದೂ ಗೊತ್ತಿದೆ.

"ಕೇಳ್ರಿ ಇಲ್ಲಿ. ಕಲ್ಲು ಹೆಂಗೂ ಐತಿ, ಮೋಟರ್ ಹೆಂಗೂ ಐತಿ. ಮಿನಿಮಮ್ಮು ಬೀಸಿದ್ರೂ ಕಟ್ಟಬೇಕು, ಬೀಸದಿದ್ರೂ ಕಟ್ಟಬೇಕು. ಹೌದಲ್ಲ?"

"ಹೌದು."

"ಹಂಗಾದ್ರ ಒಂದು ಸೇರು ಹೆಚ್ಚಿಗಿ ಬೀಸಿದ್ರ ನಮ್ಮ ಕೈಯಿಂದ ಹೋಗೋದು ಏನು? ಬರೇ ಅಷ್ಟು ಕರೆಂಟು. ಏಳೆಂಟು ಪೈಸಾ. ನಾಲ್ಕಾಣೆ ಇದ್ದದ್ದು ಇಪ್ಪತ್ತು ಪೈಸಾ ಮಾಡ್ರಿ. ಮಂದಿ ಅವರ ವಾರ ಬಿಟ್ಟು ನಮ್ಮ ವಾರಕ್ಕ ಬರ್ತಾರ."

"ಊರು ನಗತೈತಿ ಬಿಡು. ಸಂತಿಯಾಗ ಬದನಿಕಾಯಿ ಮಾರಿದಂಗ ಗಿರಣಿ ರೇಟು ಇಳಸ್ತಾರೇನು?"

"ನಗೋರು ಕಾಳು ತಂದ್ರ ಸಾಕು. ನಕ್ಕೊಂತ ಬೀಸಿಸ್ಕೊಂಡು ಹೋಗ್ಲಿ."

ನಾನು ಮುಂದೆ ವಿಶ್ವವಿದ್ಯಾಲಯಕ್ಕೆ ಹೋಗಿ ದಪ್ಪ ಪುಸ್ತಕ ಓದಿ ಕಲಿತದ್ದು ಇದಕ್ಕಿಂತ ಒಂದು ಕೂದಲು ಹೆಚ್ಚಿನದಲ್ಲ. ಹೇಗೂ ಆಗುವ ಖರ್ಚನ್ನು ಬದಿಗಿಡು. ಒಂದು ಸೇರಿಗೆ ಬರುವುದರಲ್ಲಿ ಆ ಸೇರಿಗೇ ಹೋಗುವುದನ್ನು ಕಳೆ. ಉಳಿದದ್ದು ಎಷ್ಟು ಸಣ್ಣದಾದರೂ ಅದು ಸ್ಥಿರ ವೆಚ್ಚದ ಹೊಂಡ ತುಂಬಲು ಒಂದು ಬುಟ್ಟಿ ಮಣ್ಣು. ಹೊಂಡ ತುಂಬಿದ ಗಳಿಗೆಯೇ ಬ್ರೇಕ್ ಈವನ್, ಅದರ ಮೇಲೆ ಬಿದ್ದದ್ದೆಲ್ಲ ಲಾಭ. ಅವ್ವ ಇದನ್ನು ಅಂಬಲಿಯ ಗಡಿಗೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಕಂಡುಕೊಂಡಿದ್ದಳು. ನನಗೆ ಅವಳ ಬಗ್ಗೆ ಆಗ ಹುಟ್ಟಿದ ಹೆಮ್ಮೆ ನನ್ನನ್ನು ಈ ವಿಷಯದ ಓದಿಗೆ ಎಳೆದು ತಂದಿತು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಈಗ ಅದನ್ನು ಹೇಳಲು ಬಾಯಿ ಬರುವುದಿಲ್ಲ.

ಮುಂದಿನ ನಮ್ಮ ವಾರಕ್ಕೆ ಜನ ಬಂದರು. ಪಡಸಾಲೆಯವರೆಗೂ ಡಬ್ಬಿ, ಬುಟ್ಟಿ, ಚೀಲಗಳ ಸಾಲು. ಎರಡು ವಾರದ ಹಿಟ್ಟನ್ನು ಒಂದೇ ಸಲ ಬೀಸಿಸಿಕೊಂಡರು. ಆ ವಾರ ಅವ್ವ ನನಗೆ ಬೆಳ್ಳನೆಯ, ಪೂರ್ತಿ ಜೋಳದ ರೊಟ್ಟಿ ಬಡಿದು ಕೊಟ್ಟಳು. ಚಿಗವ್ವ ತನ್ನ ಒಲೆಯ ಕಡೆಯಿಂದಲೇ ಕೂಗಿದಳು.

"ಅಕ್ಕ, ನಿನ್ನ ವಾರದಾಗ ಏನ್ ಮಂದಿ ಐತಲ್ಲ! ಹಿಟ್ಟಿನ ಕೂಡ ಬೆಲ್ಲಾನೂ ಹಂಚಾಕ ಹತ್ತಿಯೇನ?"

"ನೀನೂ ಹಂಚು. ಬ್ಯಾಡ ಅಂದೋರ್ಯಾರು?"

"ಹಂಚ್ತೀವಿ ತಗೋ. ಮುಂದಿನ ವಾರ ನೋಡಿವಂತಿ ನಿನ್ನ ತಂಗೀನ!"

ಇಬ್ಬರೂ ನಕ್ಕರು. ನಕ್ಕರು ಎಂದೇ ನನ್ನ ನೆನಪು. ಮುಂದಿನ ವಾರ ಚಿಗಪ್ಪ ಹದಿನೈದು ಪೈಸೆ ಮಾಡಿದ. ಅದರ ಮುಂದಿನ ವಾರ ನಾವೂ ಹದಿನೈದು. ಆಮೇಲೆ ಅವರು ಹನ್ನೆರಡು, ನಾವು ಹತ್ತು, ಅವರೂ ಹತ್ತು. ಒಂದೇ ಗಿರಣಿ, ಒಂದೇ ಕಲ್ಲು, ಒಂದೇ ಬಾಗಿಲು. ತನ್ನ ಜೊತೆ ತಾನೇ ಪೈಪೋಟಿಗೆ ಬಿದ್ದಿತ್ತು. ಅಡ್ಡಾದಿಡ್ಡಿ ಮಾತಿನ ಹಾಲವ್ವ ಎಂಬ ಮುದುಕಿ, ನಮ್ಮ ಹಳೆಯ ಗಿರಾಕಿ, ಬುಟ್ಟಿ ಇಳಿಸುತ್ತಾ ಪಡಸಾಲೆಯ ಎರಡೂ ಕಡೆಗೆ ಕೇಳುವ ಹಾಗೆ ಹೇಳುತ್ತಿದ್ದಳು.

"ಇನ್ನೊಂದಿಷ್ಟು ಜಗಳಾಡ್ರವ್ವ, ಪುಣ್ಯ ಬರ್ತೈತಿ. ಉಗಾದಿ ಹೊತ್ತಿಗಿ ನೀವ ನಮಗ ರೊಕ್ಕ ಕೊಟ್ಟು ಬೀಸಿ ಕೊಡ್ತೀರಿ."

ಇಲ್ಲಿ ಲೆಕ್ಕ ಸ್ವಲ್ಪ ಹೇಳಬೇಕು. ನಾಲ್ಕಾಣೆ ಇದ್ದಾಗ, ಕರೆಂಟಿಗೆ ಎಂಟು ಪೈಸೆ ಹೋಗಿ, ಸೇರಿಗೆ ಹದಿನೇಳು ಪೈಸೆ ಉಳಿಯುತ್ತಿತ್ತು. ಹತ್ತು ಪೈಸೆಗೆ ಇಳಿದಾಗ ಉಳಿದದ್ದು ಎರಡು. ಮೊದಲಿನ ಹೊಂಡವನ್ನೇ ತುಂಬಬೇಕೆಂದರೆ ಮೊದಲಿಗಿಂತ ಎಂಟು ಪಟ್ಟಿಗೂ ಹೆಚ್ಚು ಕಾಳು ಬರಬೇಕು. ಅರಸೀಕೆರೆಯ ಬಾಯಿಗಳು ಎಂಟು ಪಟ್ಟು ಆಗುವುದಿಲ್ಲ. ಜನ ಮೊದಲು ಎಷ್ಟು ಉಣ್ಣುತ್ತಿದ್ದರೋ ಅಷ್ಟೇ ಉಣ್ಣುತ್ತಿದ್ದರು. ಯಾವ ವಾರ ಅಗ್ಗವೋ ಆ ವಾರ ಬೀಸಿಸುತ್ತಿದ್ದರು, ಅಷ್ಟೇ. ಅವ್ವನ ಲೆಕ್ಕ ಒಬ್ಬರು ಮಾಡಿದರೆ ಸರಿ. ಪಡಸಾಲೆಯ ಆ ಕಡೆಗೂ ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಇನ್ನೊಬ್ಬಳು ಕುಳಿತು ಅದನ್ನೇ ಮಾಡಿದರೆ?

ಇದನ್ನೂ ಮೀರಿದ ಒಂದು ತಪ್ಪು ಇತ್ತು, ಅದು ಇಬ್ಬರ ಲೆಕ್ಕದಲ್ಲೂ ಬರಲಿಲ್ಲ. ಕಲ್ಲು. "ಕಲ್ಲು ಹೆಂಗೂ ಐತಿ" ಎಂದು ಅವ್ವ ಹೇಳಿದ್ದಳಲ್ಲ, ಕಲ್ಲು ಹಾಗೆ ಇರುವುದಿಲ್ಲ. ಒಂದೊಂದು ಸೇರಿಗೂ ಅದು ಕಣ್ಣಿಗೆ ಕಾಣದಷ್ಟು ಸವೆಯುತ್ತದೆ. ಸವೆದು ನುಣುಪಾದ ಕಲ್ಲಿಗೆ ಉಳಿ ಹಿಡಿದು ಮತ್ತೆ ಗೀರು ಹೊಡೆಯಬೇಕು. ಅದಕ್ಕೆ ಕಲ್ಲು ಕಟಿಸುವುದು ಎನ್ನುತ್ತೇವೆ. ಕಟಿಯುವವನು ಕೊಟ್ಟೂರಿನ ಕಡೆಯಿಂದ ಬರಬೇಕು, ಅವನ ಕೂಲಿ ದೊಡ್ಡದು, ಅವತ್ತು ಗಿರಣಿಯೂ ಬಂದ್. ದಿನಾ ಆಗುತ್ತಿದ್ದ ಖರ್ಚು ಅದು, ಆದರೆ ಕೇಳಲು ಬರುವುದು ವರ್ಷಕ್ಕೆ ಒಂದೆರಡು ಸಲ. ಹಾಗಾಗಿ ಎಲ್ಲರಿಗೂ ಅದು ಆಕಸ್ಮಿಕದ ಹಾಗೆ ಕಂಡಿತು. ಹಿರಿಯರ ತೀರ್ಮಾನದಂತೆ ಯಾರ ವಾರದಲ್ಲಿ ಬಂತೋ ಅವರದು. ಆದ್ದರಿಂದ ಯಾರ ವಾರದಲ್ಲೂ ಅದು ಬರಲಿಲ್ಲ. ಹಿಟ್ಟು ದಪ್ಪವಾಗತೊಡಗಿದಾಗ ಅಪ್ಪ ಕಲ್ಲುಗಳನ್ನು ಇನ್ನಷ್ಟು ಹತ್ತಿರಕ್ಕೆ ಬಿಗಿದ. ಅವನ ವಾರ ಮುಗಿದ ಮೇಲೆ ಚಿಗಪ್ಪ ಮತ್ತೂ ಬಿಗಿದ. ಹಿಟ್ಟು ಕೈಯಿಡಲಾಗದಷ್ಟು ಬಿಸಿಯಾಗಿ ಸುಟ್ಟ ವಾಸನೆಯೊಂದಿಗೆ ಬೀಳುತ್ತಿತ್ತು. ರೊಟ್ಟಿ ಬಡಿದರೆ ಅಂಚು ಒಡೆಯುತ್ತಿತ್ತು. ಅಪ್ಪ ಒಂದು ಸಲ, ನಾವೇ ಕಟಿಸಿಬಿಡೋಣ ಎಂದ.

"ಯಾಕ ಕಟಿಸ್ಬೇಕು? ನಾವು ಕಟಿಸಿದ ಕಲ್ಲಿನ್ಯಾಗ ಅವರು ಹತ್ತು ಪೈಸಾಕ್ಕ ಬೀಸಾಕ?" ಎಂದಳು ಅವ್ವ. "ಇನ್ನ ನಾಕು ದಿನ ತಡೀರಿ. ಅವರ ವಾರಕ್ಕ ಬೀಳ್ತೈತಿ."

ಬಲಗಡೆಯ ಒಲೆಯ ಮುಂದೆಯೂ ಇಂಥದೇ ಮಾತು ನಡೆದಿರಬೇಕು.

ಅದೇ ಚಳಿಗಾಲ ಚಿಗವ್ವ ಬಸುರಿಯಾದಳು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಹರಕೆ ಔಷಧ ಎಲ್ಲ ಆಗಿ, ಆಸೆ ಬಿಟ್ಟ ಮೇಲೆ. ಅವ್ವನಿಗೆ ವಿಷಯ ತಿಳಿದ ದಿನ ಅವಳು ಗಿರಣಿಯ ಹಿಟ್ಟಿನ ಕೈಯಲ್ಲೇ ಪಡಸಾಲೆ ದಾಟಿ ಹೋಗಿ ತಂಗಿಯ ಮುಖ ಹಿಡಿದುಕೊಂಡಳು. ಚಿಗವ್ವನ ಕೆನ್ನೆಯ ಮೇಲೆ ಐದು ಬೆರಳೂ ಬೆಳ್ಳಗೆ ಮೂಡಿದ್ದವು. ಪೈಸೆಯ ಜಗಳ ಅಷ್ಟು ನಡೆಯುತ್ತಿದ್ದಾಗಲೂ ಅವರು ತಲೆ ಬಾಚಿಕೊಳ್ಳುವುದನ್ನು ಬಿಟ್ಟಿರಲಿಲ್ಲ. ಚೊಚ್ಚಲ ಬಸುರಿಗೆ ಏಳನೇ ತಿಂಗಳಲ್ಲಿ ಕುಬಸ, ಎಂದರೆ ಸೀಮಂತ, ಮಾಡಬೇಕಾದವರು ತವರಿನವರು. ಕುಬಸವಾದ ಮೇಲೆ ಹೆರಿಗೆಗೆ ತವರಿಗೆ ಕರೆದೊಯ್ಯಬೇಕಾದವರೂ ಅವರೇ. ಚಿಗವ್ವನ ತವರು ಎಂದರೆ ಪಡಸಾಲೆಯ ಎಡಗಡೆ. ಅವ್ವ ನಮ್ಮ ಕಡೆಯ ಒಂದು ಕೋಣೆಯನ್ನು ಖಾಲಿ ಮಾಡಿ ಸುಣ್ಣ ಹೊಡೆಸಿದಳು, ಹೊರಸಿಗೆ ಹೊಸ ಹಗ್ಗ ಹೆಣೆಸಿದಳು, ಬಾಣಂತಿಯ ಬೆನ್ನು ಕಾಸಲು ಸಗಣಿಯ ಕುಳ್ಳು ಒಟ್ಟಿದಳು, ಅಂಟಿನುಂಡಿಗೆ ಒಣಕೊಬ್ಬರಿ ತರಿಸಿದಳು. ಆ ದಿನಗಳಲ್ಲಿ ಅವಳು ಹಾಡುತ್ತಿದ್ದಳು. ಅವ್ವ ಹಾಡುವುದನ್ನು ನಾನು ಆಮೇಲೆ ಕೇಳಲಿಲ್ಲ.

ಕುಬಸ ನಮ್ಮ ವಾರದಲ್ಲಿ ಬಿತ್ತು. ಕರಿಗಡುಬಿಗೆ ಗೋಧಿಯನ್ನು ಅವ್ವ ತಾನೇ ಕೇರಿ, ತೊಳೆದು, ಒಣಗಿಸಿ ಗಿರಣಿಗೆ ಹಾಕಿದಳು. ನುಣ್ಣಗೆ ಬರಲಿ ಎಂದು ಅಪ್ಪ ಕಲ್ಲನ್ನು ಕಡೆಯ ತಿರುವಿನವರೆಗೂ ಬಿಗಿದ. ಪಡಸಾಲೆ ತುಂಬ ಹೆಂಗಸರು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಉಡಿಯಲ್ಲಿ ಅಕ್ಕಿ ಕೊಬ್ಬರಿ ಬಾಳೆಹಣ್ಣು ತುಂಬಿಕೊಂಡು ಚಿಗವ್ವ ಮಣೆಯ ಮೇಲೆ ಕುಳಿತಿದ್ದಳು. ಅವ್ವ ಆರತಿ ಮಾಡಿ, ಮೊದಲ ತುತ್ತನ್ನು ತಾನೇ ತಿನ್ನಿಸಿದಳು, ತುಪ್ಪದಲ್ಲಿ ಅದ್ದಿದ ಕಡುಬು. ಚಿಗವ್ವ ಅಗಿದಳು. ಕಟುಕ್ ಎಂದ ಸದ್ದು ನನ್ನವರೆಗೂ ಕೇಳಿತು. ನನ್ನವರೆಗೂ ಕೇಳಿಸಲು ಸಾಧ್ಯವಿತ್ತೇ, ಅಷ್ಟು ಹೆಂಗಸರ ಗದ್ದಲದಲ್ಲಿ? ಆದರೂ ಕೇಳಿದ ನೆನಪು. ಬಿಗಿದ ಕಲ್ಲು ಕಲ್ಲಿಗೆ ಉಜ್ಜಿ ಹಿಟ್ಟಿನಲ್ಲಿ ಹರಳು ಬಿದ್ದಿತ್ತು.

"ಅಯ್ಯ! ಗಿರಣಿ ಮನಿ ಕಡಬಿನ್ಯಾಗ ಹಳ್ಳು ಸಿಕ್ಕತಲ್ಲ!" ಎಂದು ಹಾಲವ್ವ ಕೂಗಿದಳು. ಹೆಂಗಸರು ನಕ್ಕರು.

ಮುಂದಿನದು ನನ್ನ ನೆನಪಿನಲ್ಲಿ ಹೀಗಿದೆ. ಚಿಗವ್ವ ಬಾಯಲ್ಲಿದ್ದದ್ದನ್ನು ಅಂಗೈಗೆ ಉಗುಳಿ, ಬೆರಳಲ್ಲಿ ಹರಳನ್ನು ಆರಿಸಿ ಎಲೆಯ ಅಂಚಿಗೆ ಇಟ್ಟು, "ಅಕ್ಕ, ಇದು ನಿಮ್ಮ ಹತ್ತು ಪೈಸೇದ ಹಿಟ್ಟೇನು?" ಎಂದಳು. ಅವ್ವ ಒಂದು ಮಾತೂ ಆಡದೆ ಒಳಗೆ ಹೋದಳು. ಅವ್ವನ ಬೆನ್ನು ನನಗೆ ಕಾಣುತ್ತದೆ, ಸೀರೆಯ ಮೇಲೆ ಹಿಟ್ಟಿನ ಗುರುತು ಸಹ. ಈ ನೆನಪನ್ನು ನಾನು ನಲವತ್ತು ವರ್ಷ ಚಿಗವ್ವನ ವಿರುದ್ಧ ಇಟ್ಟುಕೊಂಡಿದ್ದೆ.

ಕುಬಸದ ಮರುದಿನ ಬೆಳಿಗ್ಗೆ ಚಿಗಪ್ಪ ಟೆಂಪೋ ಹೇಳಿ ತಂದ. ಚಿಗವ್ವ ಹಡಗಲಿ ತಾಲೂಕಿನ ಮಾಗಳಕ್ಕೆ, ಹೊಳೆದಂಡೆಯ ಆ ಊರಿಗೆ, ತನ್ನ ಸೋದರಮಾವನ ಮನೆಗೆ ಹೊರಟಳು. ನಮ್ಮ ಒಲೆಯ ಮುಂದಿನಿಂದಲೇ ದಾಟಿ ಹೋದಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಬಡಿಯುವುದನ್ನು ನಿಲ್ಲಿಸಲಿಲ್ಲ. ಗಂಡುಮಗು ಹುಟ್ಟಿದ ಸುದ್ದಿ ಬಂದಾಗ ಅಪ್ಪ ಸಕ್ಕರೆ ಹಂಚಿದ, ತೊಟ್ಟಿಲಿಗೆ ಹಾಕುವ ದಿನ ಅಪ್ಪ ಒಬ್ಬನೇ ಹೋಗಿ ಬಂದ. ಹೆಣೆಸಿದ ಹೊರಸಿನ ಮೇಲೆ ಅವ್ವ ಜೋಳದ ಚೀಲಗಳನ್ನು ಒಟ್ಟಿದಳು. ಕಲ್ಲನ್ನು ಅವಳು ಕುಬಸದ ವಾರ ಮುಗಿಯುವುದರೊಳಗೆ ಕಟಿಸಿದ್ದಳು, ಸಂತೆಯಲ್ಲಿ ಕೋಳಿ ಮೊಟ್ಟೆ ಮಾರಿ ಕೂಡಿಟ್ಟ ಸ್ವಂತ ರೊಕ್ಕದಲ್ಲಿ. ಆಗ ಹಿಟ್ಟು ಮಲ್ಲಿಗೆಯ ಹಾಗೆ ಬೀಳತೊಡಗಿತು, ಆದರೆ ಬಸ್‌ಸ್ಟ್ಯಾಂಡಿನ ಹತ್ತಿರ ಬೇರೆಯವರು ಹೊಸ ಗಿರಣಿ ಹಾಕಿ ನಾಲ್ಕಾಣೆಗೆ ಬೀಸಲು ಶುರು ಮಾಡಿದ್ದರು, ಜನ ನಾಲ್ಕಾಣೆ ಕೊಟ್ಟು ಅಲ್ಲಿಗೇ ಹೋದರು. ಹರಳಿಗೆ ಹೆದರಿದ ಬಾಯಿ ಹತ್ತು ಪೈಸೆಗೆ ತಿರುಗಿ ಬರುವುದಿಲ್ಲ.

ಗಿರಣಿ ಮಾರಿದ ದಿನ ನಾನು ಕಂಡದ್ದು ನನಗೆ ಇಂದಿಗೂ ಅರಗಿಲ್ಲ. ಅಪ್ಪ ಮತ್ತು ಚಿಗಪ್ಪ ಮುಂಬಾಗಿಲ ಕಟ್ಟೆಯ ಮೇಲೆ ಕುಳಿತು, ಬಂದ ಹಣವನ್ನು ಒಂದು ಮಾತಿಲ್ಲದೆ ಎರಡು ಪಾಲು ಮಾಡಿ, ಒಂದೇ ಕಪ್ಪಿನ ಚಹಾವನ್ನು ಬಸಿಯಲ್ಲಿ ಹಂಚಿಕೊಂಡು ಕುಡಿದರು.

"ಶನಿ ಹೋತು ಬಿಡಣ್ಣ," ಎಂದ ಚಿಗಪ್ಪ.

"ಹೋತು. ಒಂದು ಬೀಡಿ ಐತೇನಲೇ ತಮ್ಮ?" ಎಂದ ಅಪ್ಪ.

ಅವತ್ತಿನಿಂದ ಅವರಿಬ್ಬರೂ ಸಾಯುವ ತನಕ ಜೊತೆಯಲ್ಲೇ ಹೊಲಕ್ಕೆ ಹೋದರು. ಜಗಳ ಶುರು ಮಾಡಿದ್ದು ಅವರು. ಬೇರೆಯಾಗಿದ್ದು ಅವರು. ಅವರಿಗೆ ಅದು ಗಿರಣಿಯ ಜೊತೆ ಗಾಡಿ ಹತ್ತಿ ಹೋಯಿತು. ಅದನ್ನು ಉಳಿಸಿಕೊಂಡವರು ಹೆಂಗಸರು. ಬಾಣಂತನ ಮುಗಿಸಿ ಬಂದ ಚಿಗವ್ವ ಅದೇ ಪಡಸಾಲೆಯ ಬಲಗಡೆ, ಅವ್ವ ಎಡಗಡೆ, ಹಿತ್ತಲಿನ ಒಂದೇ ಬಾನಿಯ ನೀರು. ಇಬ್ಬರ ನಡುವೆ ಮಾತಿಲ್ಲ. ಏನಾದರೂ ಹೇಳಬೇಕಾದರೆ ಅವ್ವ ನನ್ನನ್ನು ನೋಡಿ ಹೇಳುತ್ತಿದ್ದಳು, ಚಿಗವ್ವ ತೊಡೆಯ ಮೇಲಿನ ಮಗುವನ್ನು ನೋಡಿ ಉತ್ತರ ಕೊಡುತ್ತಿದ್ದಳು. ಕೆಲವು ವರ್ಷದ ಮೇಲೆ ಚಿಗಪ್ಪನವರು ಹರಪನಹಳ್ಳಿಯಲ್ಲಿ ಮನೆ ಮಾಡಿದರು, ಆ ಸುತ್ತುಮಾತೂ ಬೇಕಾಗದೆ ಹೋಯಿತು.

ಬಿ.ಕಾಂ. ಎರಡನೇ ವರ್ಷದಲ್ಲಿ ನಾನು ರಜೆಗೆ ಬಂದವಳು ಪಡಸಾಲೆಯಲ್ಲಿ ಕುಳಿತು ಬ್ರೇಕ್ ಈವನ್ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದೆ. ಅವ್ವ ಹುರುಳಿ ಕೇರುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಕನ್ನಡದಲ್ಲಿ ಹೇಳು ಎಂದಳು. ಹೇಳಿದೆ. ಮೊರ ನಿಂತಿತು.

"ಹಂಗಾರ ನಾ ಹೇಳಿದ್ದು ಪುಸ್ತಕದಾಗೂ ಐತಿ."

"ಐತಿ ಅವ್ವ."

"ನನ್ನ ಲೆಕ್ಕ ಸರಿ ಇತ್ತು."

"ಸರಿ ಇತ್ತು," ಎಂದೆ. ಬೆಲೆಯನ್ನು ಇಬ್ಬರೂ ಇಳಿಸಿದರೆ ಏನಾಗುತ್ತದೆ ಎಂಬುದೂ ಮುಂದಿನ ಪುಟದಲ್ಲಿತ್ತು. ನಾನು ಅದನ್ನು ಓದಿ ಹೇಳಲಿಲ್ಲ. ಅವ್ವ ಮತ್ತೆ ಕೇರತೊಡಗಿದಳು. ಅವಳ ಮುಖದಲ್ಲಿ ಗೆದ್ದ ಸುಖ ಇತ್ತು ಎಂದು ಬರೆಯಲು ಪೆನ್ನು ಹೊರಡುತ್ತದೆ, ಇರಲಿಲ್ಲ. ಸರಿಯಾಗಿದ್ದೂ ಏನು ಸಿಕ್ಕಿತು ಎಂದು ಕೇಳುವವರ ಮುಖ ಅದು.

ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಮಣ್ಣಿಗೆ ಚಿಗವ್ವ ಬಂದಿದ್ದಳು, ಅತ್ತಳು, ಉಣ್ಣದೆ ಹೋದಳು. ಈ ಬೇಸಿಗೆ ನಾನು ಹರಪನಹಳ್ಳಿಗೆ ಹೋಗಿ ಅವಳನ್ನು ಕಂಡೆ. ಅವಳಿಗೆ ಈಗ ಮೊಣಕಾಲು ನೋವು, ಕಿವಿ ಚೆನ್ನಾಗಿದೆ, ನಾಲಿಗೆ ಇನ್ನೂ ಚೆನ್ನಾಗಿದೆ. ನನ್ನ ನೆನಪುಗಳ ಈ ಅಧ್ಯಾಯ ಬರೆಯಬೇಕೆಂದಿರುವುದನ್ನು ಹೇಳಿ, ಕುಬಸದ ದಿನ ಅವಳು ಹರಳನ್ನು ಉಗುಳಿದ್ದನ್ನು ನೆನಪಿಸಿದೆ.

"ಉಗುಳಿದೆನಾ?" ಅವಳು ನನ್ನನ್ನೇ ನೋಡಿದಳು. "ಯಾರ್ ಹೇಳಿದ್ರು ನಿನಗ? ನಾ ನುಂಗಿದೆ. ಅಕ್ಕ ಬಾಯಿ ನೋಡ್ಕೊಂತ ಕುಂತಿದ್ಲು, ಹೆಂಗ ಉಗುಳ್ಲಿ? ಹಲ್ಲು ಮುರದಂಗಾತು, ಹಂಗ ನುಂಗಿದೆ. ಆ ಹಾಲವ್ವ ಮುದುಕಿ ಕಿವಿಗಿ ಬಿತ್ತು, ಕೂಗಿದ್ಲು. ಅವಾಗ ನಿಮ್ಮವ್ವ ಏನಂದ್ಲು ಗೊತ್ತೈತೇನು? ಅಷ್ಟು ಮಂದಿ ಮುಂದ? 'ಕಲ್ಲು ಅವರ ವಾರದಾಗ ಸವದದ್ದು' ಅಂದ್ಲು. ಕೈಯಾಗ ಆರತಿ ತಾಟು ಇನ್ನೂ ಹಂಗ ಐತಿ!"

ಹಾಗೆ ಅವಳು ಹೇಳಿದ ಕೂಡಲೇ ಅವ್ವನ ದನಿಯಲ್ಲಿ ಆ ಮಾತು ನನಗೆ ಕೇಳಿಸಿತು. ನೆನಪಾಗಿ ಕೇಳಿತೋ, ಅವ್ವ ಹಾಗೆ ಹೇಳುವವಳೇ ಎಂದು ಗೊತ್ತಿದ್ದರಿಂದ ಕೇಳಿತೋ, ತಿಳಿಯದು. ಕಲ್ಲು ಸವೆದದ್ದು ಯಾರ ವಾರದಲ್ಲಿ? ಇಬ್ಬರೂ ಸರಿಸುಮಾರು ಅಷ್ಟಷ್ಟೇ ಬೀಸಿದ್ದರು. ಒಂದು ಸಾಲಿನ ಲೆಕ್ಕ.

"ಚಿಗವ್ವ, ಅವ್ವ ಒಂದ್ಸಲ ಮಾಗಳಕ್ಕ ಬಂದು ಕರದಿದ್ರ ನೀ ಬರ್ತಿದ್ದಿ?"

"ಬಂದಿದ್ಲಲ್ಲ."

"ಯಾರು?"

"ನಿಮ್ಮವ್ವ. ನಿನಗ ಗೊತ್ತಿಲ್ಲ?"

ನನಗೆ ಗೊತ್ತಿರಲಿಲ್ಲ. ಅವ್ವ ಮನೆಯಲ್ಲಿ ಇಲ್ಲದ ಒಂದು ದಿನ, ನಾನು ಯಾರ ಕೈಯ ಅನ್ನ ಉಂಡೆ, ಅವಳು ಯಾವ ಬಸ್ಸಿಗೆ ಹೋಗಿ ಯಾವ ಹೊತ್ತಿಗೆ ತಿರುಗಿ ಬಂದಳು, ನನ್ನ ತಲೆಯಲ್ಲಿ ಅದರ ಚೂರೂ ಇಲ್ಲ.

"ಹೆರಿಗಿಗಿ ಇನ್ನ ಸ್ವಲ್ಪ ದಿನ ಇತ್ತು. ಉರಿ ಬಿಸಲಾಗ ಬಸ್ ಇಳದು ನಡಕೊಂತ ಬಂದ್ಲು. ಅಂಟಿನುಂಡಿ ಡಬ್ಬಿ ತಂದಿದ್ಲು. ಕುಂತ್ಲು, ನೀರು ಕುಡದ್ಲು. 'ಏನ್ ತಲಿನ ಇದು, ಗುಬ್ಬಿ ಗೂಡು' ಅಂದು ನನ್ನ ಎಳದು ಕುಂಡ್ರಿಸ್ಕೊಂಡು ಬಾಚಿದ್ಲು. ಒಂದು ಮೊಟಿಕಿದ್ಲು ಬ್ಯಾರೆ. 'ನಡಿ ನೀಲಿ, ಕೋಣಿ ಹಸನ ಮಾಡೀನಿ' ಅಂದ್ಲು. ನಾ ಎದ್ದೆ ನೋಡು. ಅರಿವಿ ಗಂಟು ಕಟ್ಟಾಕ ಎದ್ದೆ."

"ಮತ್ತ?"

"ಬಾಗ್ಲಾಗ ನಿಂತು ಅಂದ್ಲು, 'ಕಲ್ಲು ಕಟಿಸೀನಿ. ನಿಮ್ಮ ಕಡಿಯಿಂದ ಅರ್ಧ ಬರಬೇಕು' ಅಂತ."

ಅವ್ವ ಮಾತಿಗೆ ಹೇಳಿರಬೇಕು, ಏನು ಹೇಳಬೇಕೆಂದು ತೋಚದೆ ಬಾಯಿಗೆ ಬಂದದ್ದನ್ನು ಹೇಳಿರಬೇಕು, ಅದು ಅವಳ ಸಮಾಧಾನದ ಬಗೆ ಇರಬೇಕು ಎಂದೆಲ್ಲ ನಾನು ಹೇಳಿದೆ. ಅರ್ಧ ಎನ್ನುವುದು ನ್ಯಾಯವೇ ಆಗಿತ್ತು ಎಂದು ಮಾತ್ರ ಹೇಳಲಿಲ್ಲ.

"ಇರಬಹುದವ್ವ," ಎಂದಳು ಚಿಗವ್ವ. "ನಾನೂ ಹಂಗ ಅನ್ಕೊಂಡೆ. ಸೆರಗಿನ ಗಂಟಿನ್ಯಾಗ ಮಾವ ಕೊಟ್ಟ ರೊಕ್ಕ ಇತ್ತು. ಬಿಚ್ಚಿ, ಹಿಂಗ ಮುಂದ ಹಿಡದೆ. ಬ್ಯಾಡ ಅಂತಾಳ ಅಂತನ ಹಿಡದೆ ನಾನು. 'ಹುಚ್ಚಿ, ಇಟ್ಕೋ' ಅಂತ ಕೈ ಮಡಚ್ತಾಳ ಅಂತ."

ಅವಳ ಅಂಗೈ ನನ್ನ ಮುಂದೆ ಹಾಗೆಯೇ ತೆರೆದುಕೊಂಡಿತ್ತು. ಸ್ವಲ್ಪ ಹೊತ್ತು ಅದನ್ನು ತಾನೇ ನೋಡಿದಳು.

"ಇಸ್ಗೊಂಡ್ಲು," ಎಂದಳು.